ಅತ್ತವರು ಯಾರು?

ಈ ಬೇಸಿಗೆ ರಜೆಗೆ ಪುಣೆಯಿಂದ ಬಂದ ಮೊಮ್ಮಗಳು ತನ್ನ ಚೀಲದಲ್ಲಿ ಒಂದು ವಿಚಿತ್ರವಾದ ಹೋಂವರ್ಕ್ ತಂದಿದ್ದಳು. ಪಿಯಾನೋ ವಾದನದ ಒಂದು ತುಣುಕನ್ನು ಕಣ್ಣು ಮುಚ್ಚಿಕೊಂಡು ಮೂರು ಸಲ ಕೇಳಬೇಕಂತೆ, ಆಮೇಲೆ ಮನಸ್ಸಿಗೆ ಬಂದ ಕಥೆ ಬರೆಯಬೇಕಂತೆ. "ಅಜ್ಜಿ, ನೀ ಕಥಿ ಬರೀತೀಯಲ್ಲ, ನೀನಽ ಹೇಳು, ನಾ ಬರಕೋತೀನಿ" ಎಂದು ಮೊಬೈಲನ್ನು ನನ್ನ ಕಿವಿಯ ಹತ್ತಿರ ಹಿಡಿದಳು.

ಕೇಳಿದೆ. ಕೆಳಗಿನ ಸ್ವರಗಳು ಹರಿಯುವ ನೀರಿನ ಹಾಗೆ ಒಂದೇ ಸಮನೆ ಸಾಗುತ್ತಿದ್ದವು. ಅವುಗಳ ಮೇಲೆ ಇನ್ನೊಂದು ಸ್ವರ ಯಾವ ಅವಸರವೂ ಇಲ್ಲದೆ ತೇಲುತ್ತಿತ್ತು. ಎರಡನೆಯ ಸಲ ಕೇಳುವಷ್ಟರಲ್ಲಿ ಕಥೆ ಬಂದೇ ಬಿಟ್ಟಿತು. ಹಿತ್ತಲ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುವ ಹೆಂಗಸು. ಬಾಗಿಲಲ್ಲಿ ಬಂದು ನಿಂತು, ಒಳಗೆ ಬಾರದ ಅವಳ ಮಗಳು. ಇನ್ನೇನು ಹೇಳಬೇಕು, ಬಾಯಿ ಮುಚ್ಚಿಕೊಂಡೆ. "ನಿನ್ನ ಕಥಿ ನೀನಽ ಬರೀಬೇಕವಾ. ನನಗ ಬಂದದ್ದು ನನ್ನದು" ಎಂದೆ. ಅವಳು ಮುಖ ಊದಿಸಿಕೊಂಡು ಹೊರಗೆ ಹೋದಳು.

ಮಗುವಿಗೆ ಒಂದು ಕಥೆ ಹೇಳುವುದಕ್ಕೆ ಇಷ್ಟೇಕೆ ಬಿಗುಮಾನ ಎಂದು ನಿಮಗೆ ಅನ್ನಿಸಬಹುದು. ಸಂಗೀತ ಕೇಳಿ ಹುಟ್ಟಿದ ಕಥೆ ಯಾರದು, ನುಡಿಸಿದವರದೋ ಕೇಳಿದವರದೋ? ಈ ಪ್ರಶ್ನೆ ನನ್ನನ್ನು ಮೊದಲು ಕಾಡಿದ್ದು 1991ರಲ್ಲಿ. ಅದಕ್ಕೆ ಆಗ ಬೆಲೆಯನ್ನೂ ತೆತ್ತದ್ದಾಯಿತು. ತೆತ್ತವಳು ನಾನಲ್ಲ ಎಂಬುದೇ ನನ್ನ ಸಂಕಟ.

ಆಗ ನಾನು ರಾಮದುರ್ಗಕ್ಕೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ನಮ್ಮ ಓಣಿಯಲ್ಲಿ ಬೆಳಗಾದರೆ ಮಗ್ಗದ ಸದ್ದು. ನೇಕಾರರ ಊರು ನೋಡಿ, ಆ ಸದ್ದು ಇಲ್ಲದಿದ್ದರೇ ಹೊತ್ತು ಗೊತ್ತಾಗುತ್ತಿರಲಿಲ್ಲ. ಸಂಜೆ ಮಗ್ಗಗಳು ನಿಂತು, ಮನೆಮನೆಯಲ್ಲಿ ದೀಪ ಹಚ್ಚಿದ ಮೇಲೆ, ಎದುರು ಮನೆಯಿಂದ ಪೇಟಿಯ ಸ್ವರ ಕೇಳುತ್ತಿತ್ತು. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುವುದು ರೂಢಿ. ನುಡಿಸುತ್ತಿದ್ದವರು ಗಂಡನನ್ನು ಕಳೆದುಕೊಂಡು ಬಹಳ ವರ್ಷವಾಗಿದ್ದ ಒಬ್ಬ ಹೆಂಗಸು. ಮಗ ಸೊಸೆಯ ಜೊತೆ ಇದ್ದರು. ಓಣಿಗೆಲ್ಲ ಅವರು ಪೇಟಿ ಕಾಕು. ಅವರ ತಂದೆ ಭಜನೆಗೆ ಪೇಟಿ ನುಡಿಸುತ್ತಿದ್ದವರು. ಮಗಳಿಗೂ ಕೈ ಹಿಡಿದು ಕಲಿಸಿದ್ದರು.

ಪಿಯಾನೋವನ್ನು ನಮ್ಮೂರಿನ ಯಾವ ಮನೆಯಲ್ಲೂ ನಾನು ಕಂಡಿಲ್ಲ. ನಮ್ಮ ಪಾಲಿಗೆ ಪೇಟಿಯೇ ಪಿಯಾನೋ. ಎರಡರ ಮುಖವೂ ಒಂದೇ: ಒಂದು ಸಪ್ತಕಕ್ಕೆ ಏಳು ಬಿಳಿ ಪಟ್ಟಿ, ಐದು ಕರಿ ಪಟ್ಟಿ. ಒಳಗು ಮಾತ್ರ ಬೇರೆ. ಪಿಯಾನೋದಲ್ಲಿ ಪಟ್ಟಿ ಒತ್ತಿದರೆ ಒಂದು ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಹುಟ್ಟಿದ ಗಳಿಗೆಯಿಂದಲೇ ಆ ಸ್ವರ ಸಾಯತೊಡಗುತ್ತದೆ. ಪೇಟಿಯಲ್ಲಿ ತಿದಿಯ ಗಾಳಿ ಲೋಹದ ನಾಲಿಗೆಯನ್ನು ನಡುಗಿಸುತ್ತದೆ. ಗಾಳಿ ಇರುವ ತನಕ ಸ್ವರ ಇರುತ್ತದೆ. ಒಂದಕ್ಕೆ ಪೆಟ್ಟು, ಇನ್ನೊಂದಕ್ಕೆ ಉಸಿರು. 1840ರಲ್ಲಿ ಪ್ಯಾರಿಸ್ಸಿನ ದೆಬ್ಯಾ ಎಂಬಾತ ಪೇಟೆಂಟ್ ಪಡೆದ ಈ ವಾದ್ಯ ಕಲ್ಕತ್ತೆಯಲ್ಲಿ ನೆಲದ ಮೇಲೆ ಕೂತು ಒಂದು ಕೈಯಿಂದ ಗಾಳಿ ಹಾಕುವ ರೂಪ ಪಡೆಯಿತು. ನಮ್ಮ ನಾಟಕ ಕಂಪನಿಗಳಲ್ಲಿ ಕಾಲಿನಿಂದ ತುಳಿಯುವ ಪೇಟಿಯಾಗಿ ಮೆರೆಯಿತು. ಸ್ವರದಿಂದ ಸ್ವರಕ್ಕೆ ಜಾರಲು ಇದಕ್ಕೆ ಬರುವುದಿಲ್ಲ, ಹಾಗಾಗಿ ಇದು ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ ಎಂದು ಆಕಾಶವಾಣಿ 1940ರಿಂದ ಸುಮಾರು ಮೂವತ್ತು ವರ್ಷ ಇದನ್ನು ಹೊರಗಿಟ್ಟಿತ್ತು. ಅದೇ ಪೇಟಿಯ ಮೇಲೆ ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯವರು (1917–2010) ರಾಗವನ್ನು ಅರಳಿಸಿ ತೋರಿಸಿದರು. ಒಂದು ವಾದ್ಯಕ್ಕೆ ಇಂಥದ್ದೇ ದನಿ, ಒಬ್ಬ ಮನುಷ್ಯಳಿಗೆ ಇಂಥದ್ದೇ ಭಾವ ಎಂದು ಮೊದಲೇ ತೀರ್ಮಾನ ಮಾಡಿಬಿಡುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ನಾನೂ ಅಂಥವರಲ್ಲಿ ಒಬ್ಬಳಾದೆ.

ಕಾಕು ಹೆಚ್ಚಾಗಿ ನುಡಿಸುತ್ತಿದ್ದದ್ದು ಮಾರವಾ ರಾಗ. ಹೆಸರು ನನಗೆ ಆಮೇಲೆ ತಿಳಿಯಿತು. ಹೊತ್ತು ಮುಳುಗುವಾಗಿನ ರಾಗ ಅದು. ಪಂಚಮ ಅದರಲ್ಲಿ ಇಲ್ಲವೇ ಇಲ್ಲ. ಷಡ್ಜ ಇದ್ದರೂ ಅದರ ಮೇಲೆ ಬಂದು ನೆಮ್ಮದಿಯಾಗಿ ಕೂಡುವುದು ಕಡಿಮೆ. ಸುತ್ತಮುತ್ತ ಸುಳಿದು ತಪ್ಪಿಸಿಕೊಳ್ಳುತ್ತದೆ. ತವರಿನ ಬಾಗಿಲ ತನಕ ಬಂದು ಒಳಗೆ ಕಾಲಿಡದ ಮಗಳ ಹಾಗೆ ನನಗೆ ಅದು ಕೇಳಿಸುತ್ತಿತ್ತು.

ಹಾಗೆ ಕೇಳಿಸಲು ಕಾರಣವಿತ್ತು. ಅದೇ ವರ್ಷ ಬೈಲಹೊಂಗಲದಲ್ಲಿ ನನ್ನ ಅವ್ವ ತೀರಿಹೋಗಿದ್ದಳು. ದಿನಕರ್ಮ ಮುಗಿಸಿ, ಯರಗಟ್ಟಿ ಮೇಲಿನ ಬಸ್ಸು ಹಿಡಿದು ಗಂಡನ ಮನೆಗೆ ಬಂದ ಮರುದಿನದಿಂದಲೇ ರೊಟ್ಟಿ, ನೀರು, ಮಗುವಿನ ಕೆಲಸ. ಹಗಲು ಅಳಲು ಪುರುಸೊತ್ತಿರಲಿಲ್ಲ. ಸಂಜೆ ಕಣ್ಣು ತುಂಬಿದರೆ ಅತ್ತೆ, "ದೀಪಾ ಹಚ್ಚೋ ಹೊತ್ತಿನ್ಯಾಗ ಅಳಬಾರದವಾ, ಮನಿಗೆ ಛಲೋ ಅಲ್ಲ" ಅನ್ನುತ್ತಿದ್ದರು. ಅವರು ಕೆಟ್ಟವರಲ್ಲ, ಅವರಿಗೂ ಯಾರೋ ಹಾಗೆಯೇ ಹೇಳಿದ್ದಿರಬೇಕು. ನಾನು ಅಳು ನುಂಗಿಕೊಂಡು ಕಿಟಕಿಯ ಹತ್ತಿರ ನಿಲ್ಲುತ್ತಿದ್ದೆ. ಸರಿಯಾಗಿ ಅದೇ ಹೊತ್ತಿಗೆ ಎದುರು ಮನೆಯ ಪೇಟಿ ಶುರುವಾಗುತ್ತಿತ್ತು.

ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡಿಗೆಮನೆಯಲ್ಲಿ ಕೂತು ಕಥೆ ಬರೆದೆ. ಒಬ್ಬ ವಿಧವೆ. ಅವಳಿಗೆ ದುಃಖ ಪಡಲೂ ಬಿಡದ ಕಲ್ಲೆದೆಯ ಸೊಸೆ. ಬಾಯಿಬಿಟ್ಟು ಅಳಲಾರದ ಆ ಹೆಂಗಸು ಸಂಜೆ ಪೇಟಿಯ ಮೇಲೆ ಬೆರಳಿಟ್ಟು ಅಳುತ್ತಾಳೆ. ಬರೆದು ಮುಗಿಸಿದಾಗ ಎದೆ ಹಗುರಾಗಿತ್ತು. ಒಂದು ವಾರಪತ್ರಿಕೆಗೆ ಕಳಿಸಿದೆ. ಮೂರು ತಿಂಗಳಿಗೆ ಅಚ್ಚಾಯಿತು. ಹೆಸರು ಬದಲಾಯಿಸಿದ್ದೆ, ಊರು ಬದಲಾಯಿಸಿದ್ದೆ. ಆದರೆ ಸಂಜೆ ಪೇಟಿ ನುಡಿಸುವ ವಿಧವೆ ನಮ್ಮ ಓಣಿಯಲ್ಲಿ ಎಷ್ಟು ಜನ ಇದ್ದರು?

ಪತ್ರಿಕೆ ಕೈಯಿಂದ ಕೈಗೆ ಹೋಯಿತು. ನಳದ ಕಟ್ಟೆಯ ಹತ್ತಿರ ಹೆಂಗಸರು ಕಾಕುವನ್ನು ಕಂಡು ಮರುಗತೊಡಗಿದರು. "ಏನ ಮಾಡೋದರೀ ಕಾಕು, ಹೆಣ್ಣಿನ ಜನ್ಮ" ಎನ್ನುವವರು ಕೆಲವರು. ಅವರ ಸೊಸೆಯನ್ನು ಕಂಡರೆ ಮಾತು ನಿಲ್ಲಿಸುವವರು ಕೆಲವರು. ಮಗನಿಗೆ ಮುಖ ಎತ್ತಿ ತಿರುಗಾಡಲು ಆಗಲಿಲ್ಲ. ಮುದಿ ತಾಯಿಯನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲ ಎಂದು ಊರೇ ಆಡಿಕೊಳ್ಳುತ್ತಿದೆ ಎನ್ನಿಸಿರಬೇಕು. ಒಂದು ದಿನ ಪೇಟಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟುಬಿಟ್ಟ. ಆ ಸಂಜೆ ಮಗ್ಗ ನಿಂತ ಮೇಲೆ ಓಣಿಯಲ್ಲಿ ಏನೂ ಕೇಳಿಸಲಿಲ್ಲ. ಮರುದಿನವೂ ಇಲ್ಲ.

ವಾರ ಕಳೆದ ಮೇಲೆ ಮಧ್ಯಾಹ್ನದ ಹೊತ್ತು ಕಾಕು ನಮ್ಮ ಮನೆಗೆ ಬಂದರು. ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಬೈಯಲಿಲ್ಲ. ಚಾಪೆಯ ಮೇಲೆ ಕೂತು, ನೀರು ಕುಡಿದು, "ಏನವಾ, ಪೇಟಿ ಮುಂದ ಕುಂತು ನಾ ಅಳತೀನಿ ಅಂತ ಬರದೀಯಂತ?" ಎಂದರು.

ನಾನು ಏನೋ ತೊದಲಿದೆ. ಆ ರಾಗವೇ ಹಾಗಿತ್ತು ಕಾಕು, ಕೇಳಿದರೆ ಕರುಳು ಹಿಂಡುತ್ತಿತ್ತು ಎಂಬರ್ಥದ ಮಾತು.

ಅವರು ನಕ್ಕರು. "ಮಾರವಾ ಏನು? ಅದರಾಗ ಅಳೋದೇನೈತಿ? ಷಡ್ಜದ ಬಾಜೂಕ ಹೋಗಬೇಕು, ಹೋಗಿ ತಪ್ಪಿಸಿಕೋಬೇಕು. ಸಣ್ಣ ಹುಡುಗೂರು ಕಣ್ಣಾಮುಚ್ಚಾಲಿ ಆಡತಾವಲ್ಲ, ಹಂಗ. ತಪ್ಪದಂಗ ನುಡಿಸಿದ್ರ ನನಗ ಬಾಳ ಮಜಾ. ದಿನಾ ಕೆಲಸೆಲ್ಲಾ ಮುಗದ ಮ್ಯಾಲೆ ಅದೊಂದು ತಾಸು ನಂದು. ಅವರು ಹೋಗಿ ಇಪ್ಪತ್ತು ವರ್ಷ ಆತವಾ. ಅಳೋದು ಅವಾಗಽ ಮುಗದೈತಿ." ಆಮೇಲೆ ನನ್ನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದರು: "ಅತ್ತಾಕಿ ನೀನಽ ಇರಬೇಕು. ನಿಮ್ಮವ್ವ ಹೋಗಿ ಎಷ್ಟು ತಿಂಗಳಾತು?"

ಇಷ್ಟು ವರ್ಷಗಳ ನಂತರವೂ ಆ ಮಧ್ಯಾಹ್ನ ನೆನೆದರೆ ನನ್ನ ಮುಖ ಬಿಸಿಯಾಗುತ್ತದೆ. ನಾನು ಮಾಡಿದ್ದೇನು? ಅವರ ಗುಟ್ಟು ಬಯಲು ಮಾಡಿದ್ದರೆ ಅದು ಒಂದು ಬಗೆಯ ತಪ್ಪು. ನಾನು ಮಾಡಿದ್ದು ಅದಕ್ಕಿಂತ ವಿಚಿತ್ರವಾದದ್ದು. ಇಲ್ಲದ ದುಃಖವನ್ನು ಅವರಿಗೆ ಹೊರಿಸಿ, ಇದ್ದ ಸಂತೋಷವನ್ನು ಕಿತ್ತುಕೊಂಡಿದ್ದೆ. ನನ್ನ ಅಳುವಿಗೆ ಅವರ ಸೀರೆ ಉಡಿಸಿ ಬೀದಿಗೆ ಕಳಿಸಿದ್ದೆ. ಅವ್ವನನ್ನು ಕಳೆದುಕೊಂಡ ಸೊಸೆಗೆ ಅಳಲು ಬಿಡದ ಮನೆಯ ಕಥೆ ಎಂದು ನೇರವಾಗಿ ಬರೆದಿದ್ದರೆ ಅತ್ತೆ ಏನಂದಾರು, ಗಂಡ ಏನಂದಾರು? ಆ ಹೆದರಿಕೆಯಿಂದ ಎದುರು ಮನೆಯ ಬಾಗಿಲು ತಟ್ಟಿದ್ದೆ.

ಸಂಗೀತ ಕೇಳಿ ಕಥೆ ಕಟ್ಟುವುದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಟಾಲ್‌ಸ್ಟಾಯ್‌ನ ಒಂದು ಪ್ರಸಿದ್ಧ ಕಥೆ ಇದೆ. 1889ರಲ್ಲಿ ಬರೆದು ಮುಗಿಸಿದ 'ಕ್ರೂಟ್ಸರ್ ಸೊನಾಟಾ'. ಪಿಟೀಲು ಮತ್ತು ಪಿಯಾನೋಗಳಿಗಾಗಿ ಬೀಥೋವನ್ ರಚಿಸಿದ ಒಂದು ಕೃತಿಯ ಹೆಸರು ಅದು. ಕಥೆಯಲ್ಲಿ ಹೆಂಡತಿ ಪಿಯಾನೋ ನುಡಿಸುತ್ತಾಳೆ, ಒಬ್ಬ ಪಿಟೀಲುಗಾರ ಜೊತೆಗೂಡುತ್ತಾನೆ. ಗಂಡ ಕೂತು ಕೇಳುತ್ತಾನೆ. ಆ ಸಂಗೀತ ಅವನೊಳಗೆ ಏನನ್ನೋ ಕಲಕುತ್ತದೆ. ಕಲಕಿದ್ದು ತನ್ನೊಳಗಿನ ಕೆಸರು ಎಂದು ತಿಳಿಯದೆ, ಅವರಿಬ್ಬರ ನಡುವೆ ಸಂಬಂಧವಿದೆ ಎಂದು ಮನಸ್ಸಿನಲ್ಲೇ ಕಥೆ ಕಟ್ಟುತ್ತಾನೆ. ಕೊನೆಗೆ ಹೆಂಡತಿಯನ್ನು ಕೊಲ್ಲುತ್ತಾನೆ. ನಿಜವಾಗಿ ಏನಾದರೂ ಇತ್ತೇ ಎಂಬುದು ಓದುಗರಿಗೆ ಕೊನೆಯ ತನಕ ಖಚಿತವಾಗುವುದಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಮಾತು ಕಿವಿಗೂ ಸಲ್ಲುತ್ತದೆ ಎಂದಾಯಿತು.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಟಾಲ್‌ಸ್ಟಾಯ್‌ನ ಹೆಂಡತಿ ಸೋಫಿಯಾಳ ಪಾಡು. ಕಥೆ ಓದಿದವರು ಆ ಹೆಂಡತಿಯಲ್ಲಿ ಸೋಫಿಯಾಳನ್ನು ಕಂಡರು. ನಮ್ಮ ಓಣಿಯವರು ಕಾಕುವನ್ನು ಕಂಡ ಹಾಗೆಯೇ. ಅವಳಿಗೆ ಅದು ತಡೆಯಲಾರದ ಅವಮಾನ. ಆದರೂ ಆ ಕಥೆಯ ಮುದ್ರಣಕ್ಕೆ ಇದ್ದ ತಡೆ ತೆಗೆಸಲು 1891ರಲ್ಲಿ ತಾನೇ ಚಕ್ರವರ್ತಿಯ ಹತ್ತಿರ ಹೋಗಿ ಅನುಮತಿ ಪಡೆದು ಬಂದಳು. ಮನೆಗೆ ಬಂದು ಉತ್ತರವಾಗಿ ತನ್ನದೊಂದು ಕಾದಂಬರಿ ಬರೆದಳು. 'ಯಾರ ತಪ್ಪು?' ಎಂಬರ್ಥದ ಹೆಸರು ಅದಕ್ಕೆ. ಅವಳು ತೀರಿಕೊಂಡದ್ದು 1919ರಲ್ಲಿ. ಪುಸ್ತಕ ಬೆಳಕು ಕಂಡದ್ದು 1994ರಲ್ಲಿ. ಗಂಡನ ಕಥೆ ಜಗತ್ತನ್ನೆಲ್ಲ ಸುತ್ತಿ ಬಂದಿತ್ತು, ಹೆಂಡತಿಯ ಉತ್ತರ ನೂರು ವರ್ಷ ಪೆಟ್ಟಿಗೆಯಲ್ಲಿತ್ತು.

1895ರಲ್ಲಿ ಸೋಫಿಯಾಳ ಕೊನೆಯ ಮಗ, ಏಳು ವರ್ಷವೂ ತುಂಬದ ಕೂಸು, ತೀರಿಹೋಯಿತು. ಆಗ ಅವಳನ್ನು ಬದುಕಿಸಿದ್ದು ಮನೆಗೆ ಬರುತ್ತಿದ್ದ ಒಬ್ಬ ಸಂಗೀತಗಾರನ ಪಿಯಾನೋ. ಅದರಿಂದ ಅವಳು ಇನ್ನೊಂದು ಕಥೆ ಬರೆದಳು: ತಾಯಿಯನ್ನು ಕಳೆದುಕೊಂಡ ಹೆಣ್ಣೊಬ್ಬಳು ನೆರೆಯವನ ಪಿಯಾನೋ ಕೇಳಿ ಸಮಾಧಾನ ಕಾಣುತ್ತಾಳೆ. ಮೆಂಡೆಲ್ಸನ್ನನ ಪಿಯಾನೋ ರಚನೆಗಳಿಂದ ಎರವಲು ತಂದ ಹೆಸರು ಆ ಕಥೆಗೆ, 'ಪದಗಳಿಲ್ಲದ ಹಾಡು'. ಇದನ್ನು ಮೊದಲ ಸಲ ತಿಳಿದಾಗ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ರಷ್ಯಾ ದೇಶದ ಕೌಂಟೆಸ್, ರಾಮದುರ್ಗದ ಸೊಸೆ. ಇಬ್ಬರಿಗೂ ಪಕ್ಕದ ಮನೆಯ ವಾದ್ಯವೇ ಅಳಲು ಜಾಗ ಕೊಟ್ಟಿತ್ತು. ಆದರೆ ಅವಳು ಅಳುವನ್ನು ಕೇಳಿದವಳಲ್ಲಿ ಇಟ್ಟಳು. ನಾನು ನುಡಿಸಿದವಳ ಮೇಲೆ ಹಾಕಿದೆ. ಇಡೀ ವ್ಯತ್ಯಾಸ ಇಷ್ಟೇ, ಇದು ಸಣ್ಣದಲ್ಲ.

ಆ ಮೆಂಡೆಲ್ಸನ್ನನಿಗೆ 1842ರಲ್ಲಿ ಯಾರೋ, ನಿನ್ನ ಈ ಹಾಡುಗಳ ಅರ್ಥವೇನು ಎಂದು ಕೇಳಿದ್ದರಂತೆ. ಜನ ಸಂಗೀತವನ್ನು ಅಸ್ಪಷ್ಟ ಅನ್ನುತ್ತಾರೆ, ನನಗಂತೂ ಮಾತೇ ಅಸ್ಪಷ್ಟ ಎಂಬರ್ಥದಲ್ಲಿ ಅವನು ಉತ್ತರ ಬರೆದ. ಅದೇ ವರ್ಷ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಅವನ ಮುಂದೆಯೇ ಅವನ ಪುಸ್ತಕದ ಒಂದು ಹಾಡನ್ನು ಬಹಳ ಪ್ರೀತಿಯಿಂದ ಹಾಡಿದಳು. ಅದು ತನ್ನದಲ್ಲ, ತನ್ನ ಅಕ್ಕ ಫ್ಯಾನಿಯದು ಎಂದು ಅವನು ಒಪ್ಪಿಕೊಳ್ಳಬೇಕಾಯಿತು. ಹೆಣ್ಣುಮಗಳ ಹಾಡು ತಮ್ಮನ ಹೆಸರಿನಲ್ಲಿ ಅಚ್ಚಾಗಿತ್ತು. ಒಪ್ಪಿಕೊಳ್ಳಲು ಅವನಿಗೂ ಕಷ್ಟವಾಗಿರಬೇಕು. ಇದು ನನ್ನದು ಎನ್ನುವುದಕ್ಕೂ, ಇದು ನನ್ನದಲ್ಲ ಎನ್ನುವುದಕ್ಕೂ ಒಂದೇ ಬಗೆಯ ಧೈರ್ಯ ಬೇಕು.

ಆ ಧೈರ್ಯವನ್ನು ನಾನೂ ತಡವಾಗಿಯಾದರೂ ಮಾಡಿದೆ. ನಳದ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ, "ಆ ಕಥಿಯೊಳಗಿನಾಕಿ ಪೇಟಿ ಕಾಕು ಅಲ್ಲ, ನಾನು" ಎಂದೆ. ಮಾತು ಬಾಯಿಂದ ಬಿದ್ದದ್ದೇ ತಡ, ಕೊಡ ತುಂಬುವ ಮೊದಲೇ ನಮ್ಮ ಮನೆ ಮುಟ್ಟಿತ್ತು. ಅತ್ತೆ ಹೊಸ್ತಿಲಲ್ಲೇ ತಡೆದು, "ಹಂಗಾದ್ರ ಆ ಕಲ್ಲೆದಿ ಯಾರು? ನಾನೇನು?" ಎಂದರು. ಉತ್ತರ ಇರಲಿಲ್ಲ. ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ಒಂಬತ್ತನೆಯ ದಿನ ರೊಟ್ಟಿ ಬಡಿಯುತ್ತ ನನ್ನ ಕಡೆ ನೋಡದೆಯೇ, "ಅಳಬೇಕಂದ್ರ ಅಳು. ದೀಪಾ ಹಚ್ಚೋ ಹೊತ್ತು ಒಂದು ಬಿಡು" ಎಂದರು. ಆ ಮಧ್ಯಾಹ್ನ ಮನಸಾರೆ ಅತ್ತೆ.

ಕಾಕುವಿನ ಪೇಟಿ ದೀಪಾವಳಿಯ ನಂತರ ಅಟ್ಟದಿಂದ ಇಳಿಯಿತು. ಆದರೆ ಅವರು ಕಿಟಕಿ ಮುಚ್ಚಿಕೊಂಡು ನುಡಿಸತೊಡಗಿದರು. ಕಿವಿಗೊಟ್ಟರೆ ಮಾತ್ರ ಕೇಳುತ್ತಿತ್ತು. ನಾವು ಆ ಓಣಿ ಬಿಡುವ ತನಕ ಆ ಕಿಟಕಿ ಸಂಜೆ ಮತ್ತೆ ತೆರೆಯಲಿಲ್ಲ. ನನ್ನ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಹಬ್ಬಕ್ಕೆ ಹೋಳಿಗೆ ಬರುತ್ತಲೇ ಇತ್ತು. ಕೇಳುವವರ ಮೇಲಿನ ನಂಬಿಕೆಯೊಂದೇ ಹೋಗಿತ್ತು. ಕ್ಷಮೆ ಕೇಳಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಆ ಕಿಟಕಿಯನ್ನು ತೋರಿಸಬೇಕು ಅನ್ನಿಸುತ್ತದೆ.

ಹಾಗಾದರೆ ಸಂಗೀತ ಕೇಳಿ ಕಥೆ ಬರೆಯಲೇಬಾರದೇ? ಹಾಗೆಂದರೆ ನಮ್ಮ ಹಿಂದಿನವರೇ ತಪ್ಪು ಮಾಡಿದರು ಎಂದಾಗುತ್ತದೆ. ಒಂದೊಂದು ರಾಗಕ್ಕೂ ಒಂದೊಂದು ಸನ್ನಿವೇಶ ಕಲ್ಪಿಸಿ ರಾಗಮಾಲಾ ಚಿತ್ರ ಬರೆದವರು ಅವರು. ರಾಜಸ್ಥಾನದಲ್ಲಷ್ಟೇ ಅಲ್ಲ, ನಮ್ಮ ದಖ್ಖನಿನಲ್ಲೂ ಬರೆದರು. ಇಲ್ಲಿಂದ ಬಹಳ ದೂರವೇನಲ್ಲದ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ ರಾಗಗಳಿಗೆ ಹೊಂದಿಸಿ ಹಾಡುಗಳ ಪುಸ್ತಕವನ್ನೇ ರಚಿಸಿದ. ತೋಡಿ ರಾಗವೆಂದರೆ ಕಾಡಿನಲ್ಲಿ ವೀಣೆ ಹಿಡಿದು ನಿಂತ ಹೆಣ್ಣು, ಸುತ್ತ ಜಿಂಕೆಗಳು. ಆದರೆ ಗಮನಿಸಿ, ಆ ಹೆಣ್ಣಿಗೆ ಹೆಸರಿಲ್ಲ, ಮನೆಯಿಲ್ಲ, ಮಗ ಸೊಸೆ ಇಲ್ಲ. ಅವಳು ಯಾರ ಓಣಿಯಲ್ಲೂ ಇರುವವಳಲ್ಲ. ಹಾಗಾಗಿ ನೋಡಿದ ಪ್ರತಿಯೊಬ್ಬರೂ ಅವಳ ಜಾಗದಲ್ಲಿ ನಿಲ್ಲಬಹುದು.

ನನಗೆ ತಿಳಿದದ್ದು ಇಷ್ಟು. ಸ್ವರ ಭಾವವನ್ನು ಕೊಡುತ್ತದೆ, ವಿಳಾಸ ಕೊಡುವುದಿಲ್ಲ. ಇದು ವಿರಹ, ಇದು ಇಂಥವಳ ವಿರಹ, ಇಂಥ ಮನೆಯ ತಪ್ಪಿನಿಂದ ಆದದ್ದು ಎಂದು ವಿಳಾಸ ಬರೆಯುವವರು ನಾವು. ಬರೆದ ಮೇಲೆ ಅದರ ಹೊಣೆಯೂ ನಮ್ಮದೇ. ರಾಗವೇ ಹಾಗಿತ್ತು ಎಂದು ರಾಗದ ಮೇಲೆ ಹಾಕುವುದು ಸುಳ್ಳು.

ಇನ್ನೊಂದು ಮಾತು, ಹೆಂಗಸರಾದ ನಾವೇ ಯೋಚಿಸಬೇಕಾದದ್ದು. ಗಂಡಸು ಒಬ್ಬನೇ ಕೂತು ಪೇಟಿ ನುಡಿಸಿದರೆ ಅವನಿಗೆ ಸಂಗೀತದ ಹುಚ್ಚು ಎನ್ನುತ್ತೇವೆ. ಹೆಂಗಸು ನುಡಿಸಿದರೆ, ಅದರಲ್ಲೂ ಗಂಡನಿಲ್ಲದವಳು ನುಡಿಸಿದರೆ, ಪಾಪ ಏನು ನೋವಿದೆಯೋ ಎನ್ನುತ್ತೇವೆ. ನೋವಿಲ್ಲದೆ ಅವಳು ಯಾಕೆ ನುಡಿಸಬೇಕು ಎಂಬ ಪ್ರಶ್ನೆ ನಮ್ಮೊಳಗೇ ಇದೆ. ದಿನದ ಕೆಲಸ ಮುಗಿಸಿದ ಹೆಂಗಸಿಗೆ ಒಂದು ತಾಸು ಸುಮ್ಮನೆ ಆಟವಾಡುವ ಹಕ್ಕಿದೆ ಎಂದು ನಂಬಲು ನಮಗೆ ಇಷ್ಟು ಕಷ್ಟವೇಕೆ? ಮರುಕ ತೋರಿಸುವಾಗ ನಾವು ದೊಡ್ಡವರಾಗುತ್ತೇವೆ, ಅದಕ್ಕೇ ಇರಬೇಕು. ಇನ್ನೊಬ್ಬಳ ಖುಷಿಯನ್ನು ಖುಷಿ ಎಂದು ಒಪ್ಪಿಕೊಂಡರೆ ನಾವು ಅವಳ ಸಮಕ್ಕೆ ಕೂಡಬೇಕಾಗುತ್ತದೆ.

ಸಂಜೆ ಮೊಮ್ಮಗಳು ಸಿಟ್ಟು ಇಳಿದು, ಪುಸ್ತಕ ಹಿಡಿದು ಬಂದಳು. ಅರ್ಧ ಪುಟ ಬರೆದಿದ್ದಳು. ಆ ಪಿಯಾನೋದಲ್ಲಿ ಅವಳಿಗೆ ಕೇಳಿಸಿದ್ದು ಮಳೆ. ಮಳೆ ಬರುವ ಮೊದಲು ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಗಳನ್ನು ಒಬ್ಬ ಅಜ್ಜಿ ಓಡಾಡಿ ತೆಗೆಯುತ್ತಾಳಂತೆ. ಒಂದು ಲಂಗ ಮಾತ್ರ ಕೈಗೆ ಸಿಗದೆ ಗಾಳಿಯಲ್ಲಿ ಹಾರಿಹೋಗಿ ಮಲಪ್ರಭೆಯನ್ನು ದಾಟಿಬಿಡುತ್ತದಂತೆ. "ಲಂಗ ಹೋತಂತ ಅಜ್ಜಿ ಅಳತಾಳೇನು?" ಎಂದು ಕೇಳಿದೆ. "ಇಲ್ಲಜ್ಜಿ, ಅದು ಎಲ್ಲಿ ತನಕಾ ಹೋಗತೈತಿ ಅಂತ ನೋಡಕೋತ ನಿಂದರತಾಳ" ಎಂದಳು.

ನಾನು ಅದೇ ತುಣುಕನ್ನು ಇನ್ನೊಮ್ಮೆ ಹಚ್ಚಲು ಹೇಳಿದೆ. ನನಗೆ ಮತ್ತೆ ಕಂಡದ್ದು ಹಿತ್ತಲ ಕಟ್ಟೆ, ಜೋಳ, ಬಾಗಿಲಲ್ಲಿ ನಿಂತ ಮಗಳು. ಅವಳ ಹೋಂವರ್ಕ್ ಮುಗಿದಿತ್ತು. ನಾನು ಒಂದು ಹಾಳೆ ಕೇಳಿ ತೆಗೆದುಕೊಂಡು, ಮೊದಲ ಸಾಲಿನಲ್ಲೇ ನನ್ನ ಅವ್ವನ ಹೆಸರು ಬರೆದೆ.